ಜಮಾ ಮಾತ್ರ ಬರೆದ ಲೆಕ್ಕ

ಒಬ್ಬ ವ್ಯಾಪಾರಿ ತನ್ನ ಖಾತೆ ಪುಸ್ತಕದಲ್ಲಿ ಬಂದ ಹಣವನ್ನಷ್ಟೇ ಬರೆದು, ಹೋದ ಹಣವನ್ನು ಬರೆಯದೆ, ಇಷ್ಟು ಕೋಟಿ ಸಂಪಾದಿಸಿದ್ದೇನೆಂದು ಅಂಗಡಿ ಮುಂದೆ ಬೋರ್ಡು ಹಾಕಿಕೊಂಡರೆ ನಾವು ನಗುತ್ತೇವೆ. ಅವನಿಗೆ ಪಕ್ಕದ ಅಂಗಡಿಯವನೂ ಕೈಗಡ ಕೊಡಲಾರ. ಆದರೆ ಒಂದು ವೃತ್ತಿಯಲ್ಲಿ ಸಾಧನೆಯನ್ನು ಅಳೆಯುವ ಕ್ರಮವೇ ಇದು. ಆ ವೃತ್ತಿಯ ಹೆಸರು ಟೂರ್ನಮೆಂಟ್ ಪೋಕರ್. 'ಹೆಂಡನ್ ಮಾಬ್' ಎಂಬ ದತ್ತಸಂಗ್ರಹ ಆಟಗಾರರು ಗೆದ್ದ ಬಹುಮಾನಗಳನ್ನು ಡಾಲರ್ ಲೆಕ್ಕದಲ್ಲಿ ದಾಖಲಿಸುತ್ತದೆ. ಪೋಕರ್ ಲೋಕದಲ್ಲಿ ಯಾರು ದೊಡ್ಡವರು ಎಂಬ ಚರ್ಚೆಯೆಲ್ಲ ಆ ಪಟ್ಟಿಯ ಸುತ್ತ ನಡೆಯುತ್ತದೆ. ಅದರಲ್ಲಿ ಇಲ್ಲದಿರುವುದು ಒಂದೇ: ಆ ಬಹುಮಾನ ಗೆಲ್ಲುವ ಮೊದಲು ಮತ್ತು ನಂತರ ಆಟಗಾರ ಎಷ್ಟು ಟೂರ್ನಮೆಂಟುಗಳಿಗೆ ಎಷ್ಟು ಹಣ ಕಟ್ಟಿ ಬರಿಗೈಯಲ್ಲಿ ಎದ್ದುಹೋದ ಎಂಬ ಲೆಕ್ಕ.

ನನ್ನ ಜಗಳ ಇರುವುದು ಈ ಅರ್ಧ ಲೆಕ್ಕವನ್ನು ನಂಬಿಕೊಂಡು ಜೀವನಚರಿತ್ರೆ ಬರೆಯುವವರ ಜೊತೆ, ಅದನ್ನು ಓದಿ ತಲೆದೂಗುವ ನನ್ನ ವಾರಗೆಯವರ ಜೊತೆ. ಕಳೆದ ಕೆಲವು ವರ್ಷಗಳಲ್ಲಿ ಪೋಕರ್ ಆಟಗಾರ ನಮ್ಮ ನಡುವೆ ಒಂಥರಾ ದಾರ್ಶನಿಕನಾಗಿ ಬಂದು ಕೂತಿದ್ದಾನೆ. ಪಾಡ್‌ಕಾಸ್ಟಿನಲ್ಲಿ ಅವನದೇ ಮಾತು, ರೀಲಿನಲ್ಲಿ ಅವನದೇ ಮುಖ. ಅವನಿಂದ ತಾಳ್ಮೆ ಕಲಿಯಬೇಕು, ಅನಿಶ್ಚಿತತೆಯಲ್ಲಿ ನಿರ್ಧಾರ ತೆಗೆದುಕೊಳ್ಳುವುದನ್ನು ಕಲಿಯಬೇಕು, ಸೋಲನ್ನು ಮುಖದ ಮೇಲೆ ತೋರಿಸದಿರುವುದನ್ನು ಕಲಿಯಬೇಕು. ಗೀತೆಯ ಸ್ಥಿತಪ್ರಜ್ಞನಿಗೆ ಕರಿ ಕನ್ನಡಕ ಹಾಕಿ ಹಸಿರು ಮೇಜಿನ ಮುಂದೆ ಕೂರಿಸಿದ ಹಾಗೆ. ಈ ಚಿತ್ರ ಎಷ್ಟು ನಿಜ ಎಂದು ನೋಡಲು ಒಬ್ಬ ಹಳೆಯ ಹುಲಿಯ ವೃತ್ತಿಜೀವನವನ್ನೇ ತೆಗೆದುಕೊಳ್ಳೋಣ.

ಡೇನಿಯಲ್ ನೆಗ್ರಾನು ಹುಟ್ಟಿದ್ದು 1974ರಲ್ಲಿ, ಕೆನಡಾದ ಟೊರಾಂಟೊದಲ್ಲಿ. ತಂದೆತಾಯಿ ರೊಮೇನಿಯಾದಿಂದ ವಲಸೆ ಬಂದವರು. ಹೈಸ್ಕೂಲು ಮುಗಿಸದೆ ಬಿಟ್ಟು ಸ್ಥಳೀಯ ಇಸ್ಪೀಟು ಮೇಜುಗಳಲ್ಲಿ ಪಳಗಿದ ಹುಡುಗ ಇಪ್ಪತ್ತರ ಆಸುಪಾಸಿನಲ್ಲಿ ಲಾಸ್ ವೇಗಸ್‌ಗೆ ಹೋದ, ಎಲ್ಲವನ್ನೂ ಕಳೆದುಕೊಂಡು ಊರಿಗೆ ಮರಳಿದ, ಮತ್ತೆ ಹೋದ. 1998ರಲ್ಲಿ 'ವರ್ಲ್ಡ್ ಸೀರೀಸ್ ಆಫ್ ಪೋಕರ್'ನಲ್ಲಿ ಮೊದಲ ಬ್ರೇಸ್‌ಲೆಟ್ ಗೆದ್ದ. ಈ ಆಟದಲ್ಲಿ ಪದಕ, ಕಪ್ಪುಗಳ ಜಾಗದಲ್ಲಿ ಚಿನ್ನದ ಕೈಬಳೆ ಕೊಡುತ್ತಾರೆ. 2004ರಲ್ಲಿ ವರ್ಷದ ಆಟಗಾರ ಎನಿಸಿಕೊಂಡ. 2013ರಲ್ಲಿ ಒಂದೇ ವರ್ಷ ಎರಡು ಬಳೆ ಗೆದ್ದು ಆ ಗೌರವವನ್ನು ಎರಡನೇ ಸಲ ಪಡೆದ ಮೊದಲಿಗನಾದ. 2014ರಲ್ಲಿ ಪೋಕರ್ ಹಾಲ್ ಆಫ್ ಫೇಮ್ ಸೇರಿದ. 2013ರ ಆ ಬಳೆಗಳ ನಂತರ ಹತ್ತು ವರ್ಷಕ್ಕೂ ಮಿಕ್ಕಿ ಒಂದೂ ಬಳೆ ಇಲ್ಲ. 2024ರಲ್ಲಿ, ಐವತ್ತರ ಹೊಸ್ತಿಲಲ್ಲಿ, 50,000 ಡಾಲರ್ ಪ್ರವೇಶ ಶುಲ್ಕದ 'ಪೋಕರ್ ಪ್ಲೇಯರ್ಸ್ ಚಾಂಪಿಯನ್‌ಶಿಪ್' ಗೆದ್ದು ಏಳನೇ ಬಳೆ ತೊಟ್ಟ. ಪಟ್ಟಿಯ ಪ್ರಕಾರ ಆತ ಗೆದ್ದ ಒಟ್ಟು ಬಹುಮಾನ 5 ಕೋಟಿ ಡಾಲರ್ ದಾಟಿದೆ.

ಸಿನಿಮಾ ಮಾಡುವುದಕ್ಕೆ ಇಷ್ಟು ಸಾಕು. ಬಡ ವಲಸಿಗರ ಮಗ, ಸೋಲು, ಗೆಲುವು, ದೀರ್ಘ ಬರಗಾಲ, ಕೊನೆಗೊಂದು ಮಳೆ. ಆದರೆ ನೆಗ್ರಾನು ಒಂದು ಅಪರೂಪದ ಕೆಲಸ ಮಾಡಿದ. ಅದಕ್ಕಾಗಿ ನನಗೆ ಆತನ ಮೇಲೆ ಗೌರವವಿದೆ. ಬಹುತೇಕ ಯಾರೂ ತೋರಿಸದ ಖರ್ಚಿನ ಕಾಲಮ್ಮನ್ನು ಆತ ಸಾರ್ವಜನಿಕವಾಗಿ ತೆರೆದಿಟ್ಟ. 2017ರಲ್ಲಿ ಆತ ಗೆದ್ದ ಬಹುಮಾನ ಸುಮಾರು 28 ಲಕ್ಷ ಡಾಲರ್. ಪಟ್ಟಿ ನೋಡಿದವರಿಗೆ ಅದು ಭರ್ಜರಿ ವರ್ಷ. ಆದರೆ ಅದೇ ವರ್ಷ ಆತ ಕಟ್ಟಿದ ಪ್ರವೇಶ ಶುಲ್ಕ 28 ಲಕ್ಷ 70 ಸಾವಿರ ಡಾಲರ್ ದಾಟಿತ್ತು. ಅಂದರೆ ವಿಮಾನ, ಹೋಟೆಲು, ಊಟದ ಖರ್ಚನ್ನು ಸೇರಿಸುವ ಮೊದಲೇ 80 ಸಾವಿರ ಡಾಲರ್‌ಗೂ ಹೆಚ್ಚು ನಷ್ಟ. ಅದರ ಹಿಂದಿನ ವರ್ಷ, 2016ರಲ್ಲಿ, ನಷ್ಟ 12 ಲಕ್ಷ ಡಾಲರ್‌ಗೂ ಮಿಕ್ಕಿತ್ತು. ಜಗತ್ತಿನ ಅತ್ಯುತ್ತಮ ಟೂರ್ನಮೆಂಟ್ ಆಟಗಾರರಲ್ಲಿ ಒಬ್ಬ, ತನ್ನ ನಲವತ್ತರ ಪ್ರೌಢಿಯಲ್ಲಿ, ಸತತ ಎರಡು ವರ್ಷ ದುಡಿದು ಕೈಯಿಂದ ಹಣ ಕಳೆದುಕೊಂಡಿದ್ದಾನೆ. ಪಟ್ಟಿಯಲ್ಲಿ ಮಾತ್ರ ಆ ಎರಡೂ ವರ್ಷ ಆತನ ಮೊತ್ತ ಏರುತ್ತಲೇ ಹೋಗಿದೆ. ಏರುವುದು ಬಿಟ್ಟರೆ ಅದಕ್ಕೆ ಬೇರೆ ದಾರಿ ಗೊತ್ತಿಲ್ಲ.

ಜಮಾ ಕಾಲಮ್ಮಾದರೂ ನಂಬಿಕೆಗೆ ಅರ್ಹವೇ? ಸ್ಟೂ ಅಂಗರ್ ಎಂಬ ಮಹಾ ಪ್ರತಿಭಾವಂತನಿದ್ದ. 1980 ಮತ್ತು 1981ರಲ್ಲಿ ವಿಶ್ವ ಚಾಂಪಿಯನ್ ಆದವನು, ಮಾದಕ ವ್ಯಸನದಲ್ಲಿ ವರ್ಷಗಟ್ಟಲೆ ಮುಳುಗಿ, 1997ರಲ್ಲಿ ಮೂರನೇ ಸಲ ಗೆದ್ದ. ಬಹುಮಾನ 10 ಲಕ್ಷ ಡಾಲರ್. ಆ ಟೂರ್ನಮೆಂಟಿಗೆ ಸೇರಲು ಬೇಕಾದ 10,000 ಡಾಲರ್ ಅವನ ಬಳಿ ಇರಲಿಲ್ಲ. ಬಿಲ್ಲಿ ಬ್ಯಾಕ್ಸ್‌ಟರ್ ಎಂಬ ಇನ್ನೊಬ್ಬ ಜೂಜುಗಾರ ಆ ಹಣ ಕಟ್ಟಿದ್ದ, ಗೆದ್ದದ್ದರಲ್ಲಿ ಅರ್ಧ ಅವನ ಪಾಲಾಯಿತು. ದಾಖಲೆಯಲ್ಲಿ ಇವತ್ತಿಗೂ ಪೂರ್ತಿ 10 ಲಕ್ಷ ಅಂಗರ್ ಹೆಸರಿನಲ್ಲೇ ಇದೆ. ಮರುವರ್ಷ ನವೆಂಬರಿನಲ್ಲಿ, ನಲವತ್ತೈದನೇ ವಯಸ್ಸಿನಲ್ಲಿ, ಲಾಸ್ ವೇಗಸ್ಸಿನ ಒಂದು ಅಗ್ಗದ ಮೋಟೆಲಿನ ಕೋಣೆಯಲ್ಲಿ ಆತ ಸತ್ತಾಗ ಅವನ ಬಳಿ ಇದ್ದದ್ದು ಕೆಲವು ನೂರು ಡಾಲರ್. ಇವತ್ತು ಹೀಗೆ ಬೇರೆಯವರ ಹಣದಲ್ಲಿ ಆಡುವುದು, ತನ್ನ ಗೆಲುವಿನ ಪಾಲನ್ನು ಮುಂಚೆಯೇ ಮಾರಿಕೊಳ್ಳುವುದು ಈ ವೃತ್ತಿಯ ಮಾಮೂಲಿ ವ್ಯವಹಾರ. ಆದ್ದರಿಂದ ಪಟ್ಟಿಯಲ್ಲಿರುವ ಒಬ್ಬ ಆಟಗಾರನ ಮೊತ್ತ ನೋಡಿ ಅವನು ಶ್ರೀಮಂತನೋ ಸಾಲಗಾರನೋ ಎಂದು ಹೇಳಲು ಬರುವುದಿಲ್ಲ.

ಈಗ ಸೋತವರ ಕಡೆ ನೋಡೋಣ. 2023ರ ವಿಶ್ವ ಚಾಂಪಿಯನ್‌ಶಿಪ್ಪಿಗೆ ತಲಾ 10,000 ಡಾಲರ್ ಕಟ್ಟಿ ಸೇರಿದವರು 10,043 ಮಂದಿ. ಬಹುಮಾನ ಸಿಕ್ಕಿದ್ದು 1,507 ಮಂದಿಗೆ. ಉಳಿದ 8,536 ಮಂದಿಗೆ ಏನೂ ಇಲ್ಲ. ಒಟ್ಟು ಸೇರಿದ ಹಣ 10 ಕೋಟಿ ಡಾಲರಿಗೂ ಹೆಚ್ಚು, ಬಹುಮಾನವಾಗಿ ಹಂಚಿದ್ದು 9 ಕೋಟಿ 34 ಲಕ್ಷಕ್ಕೆ ಸ್ವಲ್ಪ ಕಡಿಮೆ. ನಡುವಿನ 70 ಲಕ್ಷ ಡಾಲರ್ ಆಟ ನಡೆಸಿದ ಸಂಸ್ಥೆಯದು. ಮೊದಲ ಎಲೆ ಹಂಚುವ ಮೊದಲೇ ಪ್ರತಿಯೊಬ್ಬನ 10,000ದಲ್ಲಿ 700 ಡಾಲರ್ ಹೋಗಿರುತ್ತದೆ. ಹೊರಗಿನಿಂದ ಈ ಮೇಜಿಗೆ ಒಂದು ರೂಪಾಯಿಯೂ ಬಂದಿಲ್ಲ. ಗೆದ್ದವನ ಒಂದು ಕೋಟಿ 21 ಲಕ್ಷ ಡಾಲರ್ ಸೋತವರ ಜೇಬಿನಿಂದಲೇ ಬಂದದ್ದು. ಇದು ಆಟದ ದೋಷವೇನೂ ಅಲ್ಲ, ಆಟ ಇರುವುದೇ ಹಾಗೆ. ಆದರೆ ಗೆದ್ದವನ ಫೋಟೊದಲ್ಲಿ ಮೇಜಿನ ಮೇಲೆ ನೋಟಿನ ಕಂತೆಗಳನ್ನು ರಾಶಿ ಹಾಕುವಾಗ, ಅದು ಯಾರ ಹಣ ಎಂದು ಯಾರೂ ಕೇಳುವುದಿಲ್ಲ.

ಇಲ್ಲಿಗೆ ಬರುವಷ್ಟರಲ್ಲಿ ಪೋಕರ್ ಅಭಿಮಾನಿಗಳು ಒಂದು ಬ್ರಹ್ಮಾಸ್ತ್ರ ತೆಗೆಯುತ್ತಾರೆ: ಇದು ಅದೃಷ್ಟದ ಆಟವಲ್ಲ, ಕೌಶಲ್ಯದ ಆಟ. ನಾನು ಒಪ್ಪುತ್ತೇನೆ. ಒಂದು ಕೈಯಲ್ಲಿ ಯಾರು ಬೇಕಾದರೂ ಗೆಲ್ಲಬಹುದು. ಲಕ್ಷ ಕೈಗಳಲ್ಲಿ ಬಲ್ಲವನೇ ಗೆಲ್ಲುತ್ತಾನೆ. ಎದುರಾಳಿಯ ಪಣದ ಮೊತ್ತ ನೋಡಿ ಅವನ ಕೈಯಲ್ಲಿರಬಹುದಾದ ಎಲೆಗಳನ್ನು ಕುಗ್ಗಿಸುತ್ತ ಹೋಗುವ ಆ ಲೆಕ್ಕಾಚಾರಕ್ಕೆ ನಿಜವಾದ ಬುದ್ಧಿ ಬೇಕು. ನೆಗ್ರಾನು ಆಡುವುದನ್ನು ನೋಡಿದವರು ಅದನ್ನು ಅಲ್ಲಗಳೆಯಲಾರರು. ಆದರೆ ಈ ವಾದ ಮುಗಿಯುವುದು ಎಲ್ಲಿ ಎಂದು ಯೋಚಿಸಿದ್ದೀರಾ? ಆಟ ಬರೀ ಅದೃಷ್ಟದ್ದಾಗಿದ್ದರೆ ಹೊಸಬನಿಗೂ ಹಳಬನಿಗೂ ಸಮಾನ ಅವಕಾಶ ಇರುತ್ತಿತ್ತು. ಕೌಶಲ್ಯದ ಆಟ ಎಂದ ಕೂಡಲೇ, ತಿಳಿಯದವನ ಹಣ ತಿಳಿದವನ ಕಡೆಗೆ ನಿಯಮಿತವಾಗಿ ಹರಿಯುತ್ತದೆ ಎಂದು ಒಪ್ಪಿಕೊಂಡ ಹಾಗಾಯಿತು. ಸಮರ್ಥನೆ ಎಂದು ತಂದ ಮಾತು ದೋಷಾರೋಪ ಪಟ್ಟಿಯ ಮೊದಲ ವಾಕ್ಯವಾಗುತ್ತದೆ.

ಚದುರಂಗದಲ್ಲೂ ಬಲ್ಲವನೇ ಗೆಲ್ಲುವುದಿಲ್ಲವೇ ಎಂದು ಕೇಳಬಹುದು. ಗೆಲ್ಲುತ್ತಾನೆ. ಆದರೆ ವಿಶ್ವನಾಥನ್ ಆನಂದ್ ವಿಶ್ವ ಚಾಂಪಿಯನ್ ಆದಾಗ ಬಹುಮಾನದ ಹಣವನ್ನು ಸೋತವನು ಮನೆಯಿಂದ ತಂದಿರಲಿಲ್ಲ. ಸಾಹಿತ್ಯದಲ್ಲೂ ಸಾವಿರ ಮಂದಿ ಬರೆದು ಹತ್ತು ಮಂದಿ ಉಳಿಯುತ್ತಾರಲ್ಲ ಎಂದು ಇನ್ನೊಬ್ಬ ಗೆಳೆಯ ಕೇಳಿದ. ನಿಜ. ನಮ್ಮ ಕವಿಗಳು ಸ್ವಂತ ಖರ್ಚಿನಲ್ಲಿ ಸಂಕಲನ ಅಚ್ಚು ಹಾಕಿಸಿ, ಅರ್ಧ ಪ್ರತಿ ಹಂಚಿ, ಉಳಿದರ್ಧವನ್ನು ಅಟ್ಟದ ಮೇಲಿಡುತ್ತಾರೆ. ಆದರೆ ಅವರು ಕಳೆದುಕೊಂಡ ಹಣ ಇನ್ನೊಬ್ಬ ಕವಿಯ ಜೇಬಿಗೆ ಹೋಗುವುದಿಲ್ಲ. ದೊಡ್ಡ ಕವಿ ದೊಡ್ಡವನಾಗಲು ಸಣ್ಣ ಕವಿ ದಿವಾಳಿಯಾಗಬೇಕಿಲ್ಲ. ಪೋಕರಿನಲ್ಲಿ ಆಗಲೇಬೇಕು.

ವೃತ್ತಿಯವರಿಗೆ ಇದು ಚೆನ್ನಾಗಿ ಗೊತ್ತು ಎನ್ನುವುದಕ್ಕೆ ಅವರ ಭಾಷೆಯೇ ಸಾಕ್ಷಿ. ಆಟ ಬಾರದವನನ್ನು ಅವರು ಕರೆಯುವುದು 'ಫಿಶ್', ಅಂದರೆ ಮೀನು. ತುಂಬ ಹಣವಿದ್ದು ಆಟ ಬಾರದವನು 'ವೇಲ್', ತಿಮಿಂಗಿಲ. ಯಾವ ಮೇಜಿನಲ್ಲಿ ಮೀನು ಜಾಸ್ತಿ ಎಂದು ನೋಡಿ ಕೂರುವುದು ಈ ಕೌಶಲ್ಯದ ಮೊದಲ ಪಾಠ. ಇನ್ನೊಂದು ಪದ 'ವೇರಿಯನ್ಸ್'. ಸರಿಯಾಗಿ ಆಡಿಯೂ ಸೋಲಬಹುದು, ಏರಿಳಿತ ಸಹಜ ಎಂಬ ಅರ್ಥದ ಸಂಖ್ಯಾಶಾಸ್ತ್ರದ ಮಾತದು, ಸುಳ್ಳಲ್ಲ. ಆದರೆ ಅದು ಸೋತವನ ಕೈಗೆ ಸಿಕ್ಕಾಗ ಏನಾಗುತ್ತದೆಂದು ನಾನು ನೋಡಿದ್ದೇನೆ. ನಮ್ಮ ಹಾಸ್ಟೆಲಿನಲ್ಲಿದ್ದ ಒಬ್ಬ ಸಂಶೋಧನಾ ವಿದ್ಯಾರ್ಥಿ ಆರು ತಿಂಗಳ ಬಾಕಿ ಫೆಲೋಶಿಪ್ ಒಟ್ಟಿಗೆ ಬಂದಾಗ ಫೋನಿನಲ್ಲಿ ಪೋಕರ್ ಶುರುಮಾಡಿದ. ಮೂರು ತಿಂಗಳಿಗೆ ಹಣ ಮುಗಿಯಿತು, ನಾಲ್ಕನೇ ತಿಂಗಳಿಗೆ ಲ್ಯಾಪ್‌ಟಾಪ್ ಹೋಯಿತು. ಊರಿನಲ್ಲಿ ಅಪ್ಪ ಅಡಿಕೆ ಕೊಯ್ಲಿನ ಕೂಲಿಗೆ ಇಟ್ಟ ಹಣವನ್ನು 'ಫೀಸ್' ಎಂದು ತರಿಸಿಕೊಂಡ. ಪ್ರತಿ ಸಲವೂ ಅವನ ಬಳಿ ಇದ್ದ ವಿವರಣೆ ಒಂದೇ, ವೇರಿಯನ್ಸ್. ನಾನು ಕೆಟ್ಟದಾಗಿ ಆಡುತ್ತಿಲ್ಲ ಕಣೋ, ಟೈಮ್ ಸರಿಯಿಲ್ಲ ಅಷ್ಟೇ ಅನ್ನುತ್ತಿದ್ದ. ಹಿಂದಿನವರು ಶನಿಕಾಟ ಎನ್ನುತ್ತಿದ್ದದ್ದಕ್ಕೆ ಇದು ಇಂಗ್ಲಿಷ್ ಹೆಸರು. ಶನಿಕಾಟಕ್ಕಾದರೂ ಏಳೂವರೆ ವರ್ಷದ ಮಿತಿ ಇದೆ.

ಹಾಗಾದರೆ ಸೋಲುವ ವರ್ಷಗಳಲ್ಲೂ ನೆಗ್ರಾನುವಿನಂಥವರು ಬದುಕುವುದು ಹೇಗೆ? ಒಂದು ಉತ್ತರ ಜಾಹೀರಾತು. 2007ರಿಂದ 2019ರವರೆಗೆ ಆತ 'ಪೋಕರ್‌ಸ್ಟಾರ್ಸ್' ಎಂಬ ಆನ್‌ಲೈನ್ ಕಂಪನಿಯ ರಾಯಭಾರಿ, 2019ರ ಕೊನೆಯಿಂದ 'ಜಿಜಿಪೋಕರ್' ರಾಯಭಾರಿ. ನಗುಮುಖ, ವಾಚಾಳಿತನ, ಎದುರಾಳಿಯ ಎಲೆಗಳನ್ನು ಊಹಿಸಿ ಗಟ್ಟಿಯಾಗಿ ಹೇಳುವ ಆ ಶೈಲಿ, ಎಲ್ಲಕ್ಕೂ ಕ್ಯಾಮೆರಾ ಮುಂದೆ ಬೆಲೆಯಿದೆ. 'ನೀವೂ ನನ್ನ ಹಾಗೆ ಆಗಬಹುದು' ಎಂಬ ಕನಸನ್ನು ಆತನ ಮುಖ ಮಾರುತ್ತದೆ. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಿಗ ನೂರು ಡಾಲರಿಗೂ ಕಡಿಮೆ ಖರ್ಚಿನ ಆನ್‌ಲೈನ್ ಅರ್ಹತಾ ಸುತ್ತಿನಿಂದ ಬಂದು 25 ಲಕ್ಷ ಡಾಲರ್ ಗೆದ್ದಂದಿನಿಂದ ಈ ಕನಸು ಉದ್ಯಮವಾಯಿತು. ಆ ವರ್ಷ ವಿಶ್ವ ಚಾಂಪಿಯನ್‌ಶಿಪ್ಪಿಗೆ ಬಂದವರು 839 ಮಂದಿ, ಮೂರೇ ವರ್ಷದಲ್ಲಿ 8,773. ಇಷ್ಟೊಂದು ಹೊಸ ಮೀನು ಬಂದದ್ದರಿಂದಲೇ ಹಳಬರ ವೃತ್ತಿ ಕೊಬ್ಬಿತು.

ನೆಗ್ರಾನು ಒಮ್ಮೆ ಒಂದು ವಿಚಿತ್ರ ವಾದ ಹೂಡಿದ್ದ: ಕಂಪನಿ ಪ್ರತಿ ಆಟದಿಂದ ಕತ್ತರಿಸುವ ಪಾಲು ಹೆಚ್ಚಾದರೆ ವೃತ್ತಿಪರರು ದೂರ ಹೋಗುತ್ತಾರೆ, ಅದರಿಂದ ಹವ್ಯಾಸಿಗಳಿಗೆ ಒಳ್ಳೆಯದೂ ಆಗಬಹುದು ಎಂದು. ಉಳಿದ ಆಟಗಾರರು ಮುಗಿಬಿದ್ದರು, ಕಂಪನಿಯ ವಕ್ತಾರ ಎಂದು ಜರೆದರು. ಡಗ್ ಪೋಕ್ ಎಂಬ ಆಟಗಾರ ಲಾಸ್ ವೇಗಸ್ಸಿನಲ್ಲಿ ಇದನ್ನು ಅಣಕಿಸುವ ಜಾಹೀರಾತು ಫಲಕವನ್ನೇ ಹಾಕಿಸಿದ. ಆ ಗದ್ದಲದಲ್ಲಿ ಒಂದು ಸತ್ಯ ಯಾರ ಕಿವಿಗೂ ಬೀಳಲಿಲ್ಲ. ವೃತ್ತಿಪರರು ಮೇಜು ಬಿಟ್ಟು ಎದ್ದರೆ ಹವ್ಯಾಸಿಗಳಿಗೆ ಕ್ಷೇಮ ಎಂದು ಒಬ್ಬ ವೃತ್ತಿಪರನೇ ಹೇಳಿದ್ದ!

ಈ ವೃತ್ತಿಯ ಬಗ್ಗೆ ನನಗೆ ಗೊತ್ತಿರುವ ಅತ್ಯಂತ ಪ್ರಾಮಾಣಿಕ ಘಳಿಗೆ 2014ರದ್ದು. ಪ್ರವೇಶ ಶುಲ್ಕವೇ 10 ಲಕ್ಷ ಡಾಲರ್ ಇದ್ದ 'ಬಿಗ್ ಒನ್ ಫಾರ್ ಒನ್ ಡ್ರಾಪ್' ಟೂರ್ನಮೆಂಟಿನ ಅಂತಿಮ ಹಣಾಹಣಿ. ಒಂದು ಕಡೆ ನೆಗ್ರಾನು, ಇನ್ನೊಂದು ಕಡೆ ಡ್ಯಾನ್ ಕೋಲ್ಮನ್ ಎಂಬ ಇಪ್ಪತ್ಮೂರರ ಹುಡುಗ. ಹುಡುಗ ಗೆದ್ದ, 1 ಕೋಟಿ 53 ಲಕ್ಷ ಡಾಲರ್. ಎರಡನೆಯವನಾದ ನೆಗ್ರಾನುವಿಗೆ 82 ಲಕ್ಷಕ್ಕೂ ಹೆಚ್ಚು. ಸೋತವನು ನಗುತ್ತಿದ್ದ, ಗೆದ್ದವನು ನಗಲಿಲ್ಲ. ಕೋಲ್ಮನ್ ಸಂದರ್ಶನ ಕೊಡಲು ನಿರಾಕರಿಸಿದ. ಆಮೇಲೆ ಬರೆದು ವಿವರಿಸಿದ: ಪೋಕರ್ ಒಂದು ಕತ್ತಲ ಆಟ, ಅದು ಬಹಳ ಜನರ ಬದುಕು ಹಾಳುಮಾಡಿದ್ದನ್ನು ಕಂಡಿದ್ದೇನೆ, ಅದಕ್ಕೆ ಜಾಹೀರಾತಾಗಲು ನನಗೆ ಇಷ್ಟವಿಲ್ಲ. ಜನರ ದೌರ್ಬಲ್ಯದಿಂದಲೇ ತಾನು ಗಳಿಸುತ್ತಿದ್ದೇನೆ ಎಂಬುದನ್ನೂ ಆತ ಮುಚ್ಚಿಡಲಿಲ್ಲ. ಪೋಕರ್ ಲೋಕ ಅವನನ್ನು ಕೃತಘ್ನ ಎಂದಿತು, ಆಟದಿಂದ ಪಡೆದವನು ಆಟಕ್ಕೆ ಏನಾದರೂ ಕೊಡಬೇಕು ಎಂದಿತು. ಕೊಡುವುದು ಎಂದರೆ ಹೊಸಬರನ್ನು ಕರೆತರುವುದು. ಆತ ಆಡುವುದನ್ನು ಬಿಡಲಿಲ್ಲ, ಹಣವನ್ನೂ ಮರಳಿಸಲಿಲ್ಲ, ಅವನು ಸಂತನೇನಲ್ಲ. ಆದರೆ ಕರೆಯುವ ಕೆಲಸ ಮಾಡಲಿಲ್ಲ. ಇಬ್ಬರ ಪ್ರಾಮಾಣಿಕತೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಒಬ್ಬ ತನ್ನ ಲೆಕ್ಕದ ಎರಡೂ ಕಾಲಮ್ಮು ತೋರಿಸಿದ, ಆದರೆ ಕರೆಯುತ್ತಲೇ ಇದ್ದ. ಇನ್ನೊಬ್ಬ ಎದುರು ಕೂತವನ ಲೆಕ್ಕವನ್ನೂ ನೋಡಿದ, ಕರೆಯುವುದಿಲ್ಲ ಎಂದ.

ಸಾಹಿತ್ಯ ಓದುವ ನಮಗೆ ಇದು ಹೊಸ ಪ್ರಶ್ನೆ ಆಗಬಾರದು. ಋಗ್ವೇದದ ಹತ್ತನೇ ಮಂಡಲದ ಅಕ್ಷಸೂಕ್ತದಲ್ಲಿ ಮಾತನಾಡುವವನು ಸೋತ ಜೂಜುಗಾರ. ಗೆದ್ದವನ ದನಿ ಅಲ್ಲಿ ಇಲ್ಲ. ಮಹಾಭಾರತದ ದ್ಯೂತಸಭೆ ಇನ್ನೂ ಸೂಕ್ಷ್ಮ. ಅಲ್ಲಿ ಪಣಕ್ಕೆ ಹಣ ಇಡುವವನು ದುರ್ಯೋಧನ, ದಾಳ ಎಸೆಯುವವನು ಶಕುನಿ. ಒಬ್ಬನ ಪರವಾಗಿ ಇನ್ನೊಬ್ಬ ಆಡುವುದು ಸರಿಯಲ್ಲ ಎಂದು ಧರ್ಮರಾಯ ಆಕ್ಷೇಪ ಎತ್ತುತ್ತಾನೆ, ಎತ್ತಿ ಆಡುತ್ತಾನೆ. ಬ್ಯಾಕ್ಸ್‌ಟರ್ ಮತ್ತು ಅಂಗರ್ ಜೋಡಿ ಲಾಸ್ ವೇಗಸ್ಸಿಗಿಂತ ಎಷ್ಟು ಹಳೆಯದು ನೋಡಿ! ಆ ಸಭೆಯಲ್ಲಿ ಕೌಶಲ್ಯ ಇದ್ದದ್ದು ಯಾರಲ್ಲಿ? ಶಕುನಿಯಲ್ಲಿ. ಅವನ ಅಕ್ಷವಿದ್ಯೆಯನ್ನು ಕಥೆ ಅಲ್ಲಗಳೆಯುವುದಿಲ್ಲ. ಆದರೂ ಶತಮಾನಗಳಿಂದ ನಾವು ಆ ಪ್ರಸಂಗವನ್ನು ಶಕುನಿಯ ಸಾಧನೆಯ ಕಥೆಯಾಗಿ ಓದಿಲ್ಲ. ದ್ರೌಪದಿ ಕೇಳಿದ ಪ್ರಶ್ನೆಯ ಕಥೆಯಾಗಿ ಓದಿದ್ದೇವೆ. ಪಣವಾದವರ ಕಡೆಯಿಂದ ಜೂಜನ್ನು ನೋಡುವ ಪಾಠ ನಮಗೆ ಅಷ್ಟು ಹಿಂದೆಯೇ ಆಗಿತ್ತು. ಪಾಡ್‌ಕಾಸ್ಟಿನ ಕಾಲದಲ್ಲಿ ನಾವು ಅದನ್ನು ಮರೆತು ಶಕುನಿಯಿಂದ ನಿರ್ಧಾರ ಶಾಸ್ತ್ರ ಕಲಿಯಲು ಕೂತಿದ್ದೇವೆ.

ನಮ್ಮ ಕಾನೂನೂ ಈ ಕೌಶಲ್ಯ ಎಂಬ ಪದದ ಸುತ್ತಲೇ ತಿರುಗಿದೆ. 1968ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿ ಮುಖ್ಯವಾಗಿ ಕೌಶಲ್ಯದ ಆಟ ಎಂದಿತು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಹಣದಾಟ ನಿಷೇಧಿಸಿದಾಗ, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. ಕೌಶಲ್ಯದ ಆಟವನ್ನು ಜೂಜಿನ ಸಾಲಿಗೆ ಸೇರಿಸಿದ್ದು ಅದಕ್ಕೆ ಒಂದು ಮುಖ್ಯ ಕಾರಣ. ಇದರ ಸಾಮಾಜಿಕ ಅರ್ಥ ಏನು ಎಂದು ತಿಳಿಯಲು ಯುಗಾದಿಯ ಮರುದಿನ ಹಳೇ ಮೈಸೂರು ಕಡೆಯ ಯಾವುದಾದರೂ ಹಳ್ಳಿಗೆ ಹೋಗಿ. ಅರಳಿಮರದ ಕೆಳಗೆ ಟವೆಲ್ ಹಾಸಿ ಅಂದರ್ ಬಾಹರ್ ಆಡುವವರ ಮೇಲೆ ಪೊಲೀಸರು ದಾಳಿ ಮಾಡುತ್ತಾರೆ, ಪಣಕ್ಕಿಟ್ಟ ಕೆಲವು ಸಾವಿರ ರೂಪಾಯಿ ವಶಪಡಿಸಿಕೊಳ್ಳುತ್ತಾರೆ, ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಸುದ್ದಿ ಬರುತ್ತದೆ. ಅದು ಅದೃಷ್ಟದ ಆಟ, ಆದ್ದರಿಂದ ಅಪರಾಧ. ಅಲ್ಲಿ ಯಾರೂ ಯಾರಿಗಿಂತ ಜಾಣರಲ್ಲ; ಇವತ್ತು ಸೋತವನು ನಾಳೆ ಗೆಲ್ಲಬಹುದು, ಹಣ ಊರೊಳಗೇ ಸುತ್ತುತ್ತದೆ. ಇತ್ತ, ಬಲ್ಲವನು ಬಾರದವನಿಂದ ಕ್ರಮಬದ್ಧವಾಗಿ ಕೀಳುವ, ನಡುವೆ ಕಂಪನಿ ಪಾಲು ಕತ್ತರಿಸುವ ಆಟ ಮಾತ್ರ ಬುದ್ಧಿವಂತರ ಕ್ರೀಡೆ. ಎರಡರಲ್ಲಿ ಹೆಚ್ಚು ಅಪಾಯಕಾರಿ ಯಾವುದು ಎಂದು ಕಾನೂನು ಕೇಳಲಿಲ್ಲ. ಅದು ಕೇಳಿದ್ದು ಬುದ್ಧಿ ಎಷ್ಟು ಬೇಕು ಎಂದು ಮಾತ್ರ.

2025ರ ಆಗಸ್ಟಿನಲ್ಲಿ ಕೇಂದ್ರದ ಹೊಸ ಕಾಯ್ದೆ ಬಂತು. ಕೌಶಲ್ಯವೋ ಅದೃಷ್ಟವೋ ಎಂದು ನೋಡದೆ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ಅದು ನಿಷೇಧಿಸಿತು. ಆಡುವವನಿಗೆ ಶಿಕ್ಷೆ ಇಡಲಿಲ್ಲ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಹೋಗಿವೆ. ನಾನು ನಿಷೇಧಗಳ ಭಕ್ತನಲ್ಲ. ನಿಷೇಧವಾದ ಮೇಲೂ ಕಳ್ಳದಾರಿಗಳು ಇರುತ್ತವೆ ಎಂದು ಲಾಟರಿ, ಮಟ್ಕಾ ಕಂಡ ಕರ್ನಾಟಕಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಜಾಹೀರಾತಿಗೆ ಬಿದ್ದ ತಡೆಯನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ವಯಸ್ಕನೊಬ್ಬ ತನ್ನ ಹಣವನ್ನು ತಿಳಿದೇ ಕಳೆದುಕೊಳ್ಳುವುದು ಅವನ ಸ್ವಾತಂತ್ರ್ಯವಾದರೆ, ಅವನಿಗೆ ಅರ್ಧ ಲೆಕ್ಕ ತೋರಿಸಿ ಕರೆತರುವುದು ಯಾರ ಸ್ವಾತಂತ್ರ್ಯ?

ಕಾನೂನು ತನ್ನ ಕೆಲಸ ಮಾಡಲಿ, ಬಿಡಲಿ, ಬರೆಯುವವರ ಕೆಲಸ ಬೇರೆಯೇ ಇದೆ. ನೆಗ್ರಾನುವಿನಂಥ ಆಟಗಾರರ ಬಗ್ಗೆ ಬರೆಯಬೇಡಿ ಎನ್ನುತ್ತಿಲ್ಲ. ಮೂವತ್ತು ವರ್ಷ ಮೇಜಿನ ಮುಂದೆ ಕೂತವನ ಬದುಕಿನಲ್ಲಿ ಬರೆಯಲು ಖಂಡಿತ ಬೇಕಾದಷ್ಟಿದೆ. ಒಂದಿಷ್ಟು ಶಿಸ್ತು ಇರಲಿ, ಸಾಕು. ಒಟ್ಟು ಬಹುಮಾನದ ಅಂಕಿ ಬರೆಯುವಾಗ ಕಟ್ಟಿದ ಶುಲ್ಕವನ್ನೂ ಬರೆಯಿರಿ. ಅದು ಗೊತ್ತಿಲ್ಲದಿದ್ದರೆ 'ಗಳಿಕೆ' ಎಂಬ ಪದ ಬಳಸಬೇಡಿ. ಗೆಲುವಿನಲ್ಲಿ ಯಾರ ಪಾಲೆಷ್ಟು ಎಂದು ಕೇಳಿ. ಆಟಗಾರ ಯಾವ ಕಂಪನಿಯ ಸಂಬಳದಲ್ಲಿದ್ದಾನೆ ಎಂದು ಮೊದಲ ಪ್ಯಾರಾದಲ್ಲೇ ಹೇಳಿ. ಮತ್ತೆ, ಒಂದು ಮೇಜಿನಲ್ಲಿ ಒಬ್ಬ ಗೆದ್ದಾಗ ಎದ್ದುಹೋದವರಲ್ಲಿ ಒಬ್ಬನ ಹಿಂದೆಯಾದರೂ ಬಾಗಿಲವರೆಗೆ ಹೋಗಿ ಬನ್ನಿ. 2023ರಲ್ಲಿ ಹಾಗೆ ಎದ್ದುಹೋದ 8,536 ಮಂದಿಯಲ್ಲಿ ಒಬ್ಬನ ಸಂದರ್ಶನವನ್ನೂ ನಾನು ಯಾವ ಪಾಡ್‌ಕಾಸ್ಟಿನಲ್ಲೂ ಕೇಳಿಲ್ಲ.